ಎರಡು ಹೊಳೆಯ ಮೀನು, ಒಂದು ಟ್ಯಾಂಕರ್

ಊರಿನವರು ಆಕೆಯನ್ನು ಟ್ಯಾಂಕರಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಹಾಲಿನ ಟ್ಯಾಂಕರ್ ಓಡಿಸುತ್ತಿದ್ದಳು. ಡೇರಿಗೆ ಬೀಗ ಬಿದ್ದ ಮೇಲೆ ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಸೇರಿದಳು.

ಕೆಲಸವೋ, ಕೇಳಿದವರು ನಗುವಂಥದ್ದು. ಹೊಳೆಯಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದಲ್ಲಿಗೇ ಮರಳುವ ಮೀನುಗಳಿಗೆ ನದಿಯ ಹಳೆಯ ಅಣೆಕಟ್ಟು ಅಡ್ಡವಾಗಿತ್ತು. ಅವು ಅದರ ಬುಡಕ್ಕೆ ಬಂದು ಮೂತಿ ಜಜ್ಜಿಕೊಳ್ಳುತ್ತಿದ್ದವು. ಅಲ್ಲಿ ಹಿಡಿದು, ಟ್ಯಾಂಕರಿಗೆ ತುಂಬಿ, ರಸ್ತೆಯ ಮೇಲೆ ಒಯ್ದು, ಅಣೆಕಟ್ಟಿನ ಹಿಂದೆ ನಿಂತ ನೀರನ್ನೂ ದಾಟಿಸಿ, ಮೇಲೆ ಬಂದು ಕೂಡುವ ಎರಡು ಹೊಳೆಗಳಲ್ಲಿ ಒಂದಕ್ಕೆ ಬಿಡಬೇಕು.

"ಸಮುದ್ರಾನೇ ಈಜಿ ಬಂದವಕ್ಕೆ ನಿನ್ನ ಗಾಡಿ ಬೇಕಾಯ್ತಾ?" ಎಂದು ದರ್ಜಿ ಗಂಡ ಕಿಚಾಯಿಸಿದ.

ಆಕೆ ನಗಲಿಲ್ಲ. "ಬಲೆಯಲ್ಲಿ ಎತ್ತಿದ್ರೆ ಮೈ ತರಚುತ್ತೆ ಕಣ್ರೀ. ನೀರು ಸಮೇತ ಎತ್ತೋ ಚೀಲ ಹೊಲಿದುಕೊಡಿ. ಹೊಲಿಗೆ ಮಾತ್ರ ಒಳಗಡೆ ಚುಚ್ಚಬಾರದು."

"ನನ್ನ ಅಂಗಿ ಬಗ್ಗೆ ಒಂದಿನಾನೂ ಇಷ್ಟು ತಲೆ ಕೆಡಿಸಿಕೊಂಡವಳಲ್ಲ ನೀನು" ಎಂದು ಗೊಣಗಿದರೂ, ದಪ್ಪ ರಬ್ಬರ್ ಬಟ್ಟೆಯಲ್ಲಿ ಅಂಥದ್ದೇ ಚೀಲ ಹೊಲಿದುಕೊಟ್ಟ. ಆಮೇಲೆ ಮೀನಿನ ಮೈಗೆ ಗಾಯವಾಗಲಿಲ್ಲ.

ಇಲಾಖೆಗೆ ಒಬ್ಬ ಯುವ ಸಂಶೋಧಕ ಬಂದ. ಪ್ರತಿ ಮೀನಿನ ಬಾಲದ ರೆಕ್ಕೆಯಿಂದ ಉಗುರಿನಷ್ಟು ಚೂರು ಕತ್ತರಿಸಿ, ವಂಶವಾಹಿ ಪರೀಕ್ಷೆಗೆ ಒಯ್ಯುತ್ತಿದ್ದ. ಫಲಿತಾಂಶ ಬಂದ ದಿನ ಟ್ಯಾಂಕರಿನ ಬಳಿಗೇ ಓಡಿ ಬಂದ.

"ಅಕ್ಕ, ಇವು ಒಂದೇ ಬಳಗದ ಮೀನಲ್ಲ. ಅರ್ಧ ಬೆಟ್ಟದ ಹೊಳೆಯವು, ಅರ್ಧ ಬಯಲು ಹೊಳೆಯವು."

"ನೋಡೋಕೆ ಅಚ್ಚು ಹಾಕಿದ ಹಾಗಿವೆ. ಮೀನಿಗೂ ಮನೆತನ ನೋಡ್ತೀರಾ, ಮೇಷ್ಟ್ರೇ?"

ಅವನು ಟಯರಿನ ಮೇಲೆ ಕೂತು ಬಿಡಿಸಿ ಹೇಳಿದ. ಬೆಟ್ಟದ ನೀರು ತಣ್ಣಗೆ, ಅಲ್ಲಿ ಮೊಟ್ಟೆ ನಿಧಾನವಾಗಿ ಒಡೆಯುತ್ತದೆ. ಬಯಲಿನಲ್ಲಿ ಬೇಗ. ಮರಿಗಳು ಸಮುದ್ರಕ್ಕೆ ಹೊರಡುವ ಹೊತ್ತು ಆಯಾ ಹೊಳೆಗೆ ಒಗ್ಗುವಂತೆ ರಕ್ತದಲ್ಲೇ ಬಂದಿರುತ್ತದೆ. ಬೆರಕೆಯಾದರೆ ಮರಿಗಳು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಸಮುದ್ರದಲ್ಲಿ ಮೇವಿಲ್ಲದ ಹೊತ್ತಿಗೆ ಹೋಗಿ ಸೇರುತ್ತವೆ.

ಆಕೆಯ ಮುಖ ಸಪ್ಪಗಾಯಿತು. "ಇಷ್ಟು ದಿನ ಎಲ್ಲಾನೂ ಹತ್ತಿರದ ಬಯಲು ಹೊಳೆಗೇ ಸುರಿದೆನಲ್ಲಪ್ಪಾ!"

"ಯಾರಿಗೂ ಗೊತ್ತಿರಲಿಲ್ಲ ಅಕ್ಕ."

ಅಂದಿನಿಂದ ಹಿಡಿದ ಮೀನಿಗೆ ಗುರುತು ಕಟ್ಟಿ, ಫಲಿತಾಂಶ ಬರುವವರೆಗೆ ತೊಟ್ಟಿಯಲ್ಲಿಟ್ಟು, ಎರಡು ಬಳಗಕ್ಕೂ ಬೇರೆ ಬೇರೆ ಸರದಿ. ಬೆಟ್ಟದ ರಸ್ತೆಯೋ, ಸೊಂಟ ಮುರಿಯುವಂಥದ್ದು. ಮೀನಿಗೆ ಕುಲುಕಾಟವಾಗದ ಹಾಗೆ ಆಕೆ ತಿರುವುಗಳಲ್ಲಿ ಗಾಡಿಯನ್ನು ತೊಟ್ಟಿಲು ತೂಗಿದಷ್ಟು ಮೆತ್ತಗೆ ತಿರುಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಆ ದಾರಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯಿತು. ಹಿಂದೆ ಬಸ್ಸೊಂದು ಬಂದು ನಿಂತಿತು. ಸಾಲದ್ದಕ್ಕೆ ನೀರಿಗೆ ಗಾಳಿ ಊದುವ ಪಂಪೂ ಕೈಕೊಟ್ಟಿತು. ಫೋನಿನಲ್ಲಿ ಅಧಿಕಾರಿ, "ತಿರುಗಿಸಿಕೊಂಡು ಬಂದು ಬಯಲು ಹೊಳೆಗೇ ಬಿಟ್ಟುಬಿಡಿ" ಎಂದರು. ಪಕ್ಕದ ಸೀಟಿನಲ್ಲಿದ್ದ ಸಂಶೋಧಕನೂ ಸೋತವನಂತೆ, "ಸಾಯೋದಕ್ಕಿಂತ ಅದೇ ವಾಸಿ ಅಕ್ಕ" ಎಂದ.

"ಇನ್ನೂ ಸತ್ತಿಲ್ಲವಲ್ಲ, ಇರಿ. ಪಂಪು ಮಾಡೋ ಕೆಲಸ ಕೈಯಲ್ಲಿ ಮಾಡಕ್ಕಾಗಲ್ವಾ?"

"ಎತ್ತರದಿಂದ ಸುರಿದ್ರೆ ನೀರಿಗೆ ಗಾಳಿ ಸೇರುತ್ತೆ" ಎಂದ ಅವನು, ಕಣ್ಣರಳಿಸಿ.

ಆಕೆ ಟ್ಯಾಂಕರ್ ಹತ್ತಿ, ಮುಚ್ಚಳ ತೆಗೆದು, ಬಕೆಟ್ಟಿನಲ್ಲಿ ಅದೇ ನೀರನ್ನು ಎತ್ತಿ ಎತ್ತಿ ಸುರಿಯತೊಡಗಿದಳು. ಬಸ್ಸಿನವರು ಮೊದಲು ತಮಾಷೆ ನೋಡಿದರು. ಆಮೇಲೆ ಕಂಡಕ್ಟರ್ ತೋಳು ಮಡಚಿ ಮೇಲೆ ಹತ್ತಿದ. "ಅಲ್ಲಿ ನಲ್ಲಿ ಇದೆ, ಹೊಸ ನೀರು ತರಲಾ?" ಎಂದು ಅಜ್ಜಿಯೊಬ್ಬರು ಕೂಗಿದರು.

"ಬೇಡಜ್ಜಿ, ಅದಕ್ಕೆ ಔಷಧಿ ಹಾಕಿರ್ತಾರೆ, ಮೀನಿಗೆ ವಿಷ!" ಎಂದ ಸಂಶೋಧಕ.

ರಸ್ತೆ ತೆರವಾಗುವವರೆಗೂ ಬಕೆಟ್ಟು ಕೈಯಿಂದ ಕೈಗೆ ದಾಟಿತು. ಕೆಲವು ಮೀನು ಉಳಿಯಲಿಲ್ಲ. ಅವನ್ನು ಆಕೆಯೇ ಒಂದೊಂದಾಗಿ ಎತ್ತಿ ಹೊರಗಿಟ್ಟಳು. ಉಳಿದವನ್ನು ಸಂಜೆ ಬೆಟ್ಟದ ಹೊಳೆಗೆ ಬಿಟ್ಟಾಗ, ಅವು ಸೆಳೆತಕ್ಕೆ ಮುಖ ಕೊಟ್ಟು ಕ್ಷಣಹೊತ್ತು ನಿಂತು, ಮೇಲಕ್ಕೆ ಹೋದವು.

ಮರುವರ್ಷ ಕೆಳಗಿಳಿಯುತ್ತಿದ್ದ ಮರಿಗಳ ರೆಕ್ಕೆಯನ್ನು ಸಂಶೋಧಕ ಹಳೆಯ ಚೂರುಗಳೊಂದಿಗೆ ಹೋಲಿಸಿದ. ಬೆಟ್ಟದ ಹೊಳೆಯ ಮರಿಗಳಲ್ಲಿ ಬಹುಪಾಲು ಆ ದಿನದ ಮೀನುಗಳ ಮಕ್ಕಳು! ಸುದ್ದಿ ಕೇಳಿದ ಆಕೆ ದರ್ಜಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಅತ್ತು, ನಕ್ಕು, "ಆ ಕಂಡಕ್ಟರಿಗೆ ಮೊದಲು ತಿಳಿಸಿ" ಎಂದಳು.

ಹೂಳು ತುಂಬಿದ ಅಣೆಕಟ್ಟನ್ನು ಕೊನೆಗೊಮ್ಮೆ ಒಡೆದು ತೆಗೆದರು. ಆಕೆಯ ಕೆಲಸಕ್ಕೆ ಕುತ್ತು ಬಂತೆಂದು ಊರವರು ಮರುಗಿದರು. ಆಕೆ ಮಾತ್ರ ದಡದಲ್ಲಿ ನಿಂತು, ತಾನಾಗಿ ಮೇಲೇರುತ್ತಿದ್ದ ಮೀನುಗಳಿಗೆ, "ಇನ್ಮೇಲೆ ನಿಮ್ಮ ರೆಕ್ಕೆ ಮೇಲೆ ನೀವೇ ನಿಂತ್ಕೊಳ್ರಪ್ಪ" ಎಂದಳಂತೆ. ಎರಡು ಹೊಳೆ ಕೂಡುವಲ್ಲಿ ಅವು ತಮ್ಮ ನೀರಿನ ವಾಸನೆ ಹಿಡಿದು ಎಡಕ್ಕೆ, ಬಲಕ್ಕೆ ತಾವೇ ಬೇರೆಯಾದವು.

ಈಗ ಆಕೆ ಶಾಲೆಯ ಬಸ್ಸು ಓಡಿಸುತ್ತಾಳೆ. ಆ ಬಸ್ಸಿನಲ್ಲಿ ಮಕ್ಕಳು ನಿದ್ದೆ ಹೋಗುತ್ತಾರೆಂಬುದು ಶಾಲೆಯವರ ಒಂದೇ ದೂರು.