ಬುಟ್ಟಿ ಬದಲಾದ ಬಳೆಚೂರು

ಮಕ್ಕಳೇ, 1961ರ ಬೇಸಿಗೆಯಲ್ಲಿ ನಾನು ಭದ್ರಾವತಿಯ ಹೊರಗಿನ ಒಂದು ದಿಬ್ಬದ ಅಗೆತದಲ್ಲಿ ಬೋಕಿ ತೊಳೆಯುವ ಕೆಲಸದಲ್ಲಿದ್ದೆ. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಶಿವಮೊಗ್ಗದ ಹೊಸಮನೆಯಿಂದ ಬೆಳಗಿನ ಬಸ್ಸಿಗೆ ಹೋಗುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು, ಚೀಟಿ ಓದಬಲ್ಲಳು ಎಂದು ಮೇಸ್ತ್ರಿ ಸೇರಿಸಿಕೊಂಡಿದ್ದರು.

ಬೋಕಿ ಎಂದರೆ ಒಡೆದ ಮಡಕೆಯ ಚೂರು. ಹೊಯ್ಸಳರ ಕಾಲದ ಜನ ಏನು ಉಣ್ಣುತ್ತಿದ್ದರು, ಏನು ತೊಡುತ್ತಿದ್ದರು ಎಂಬುದನ್ನು ಇಂಥ ಚೂರುಗಳಿಂದಲೇ ತಿಳಿಯಬೇಕು. ಮಣ್ಣನ್ನು ಪದರ ಪದರವಾಗಿ ತೆಗೆಯುತ್ತಿದ್ದರು. ಕೆಳಗಿನದು ಹಳೆಯದು, ಮೇಲಿನದು ಈಚಿನದು. ಪದರಕ್ಕೊಂದು ಬುಟ್ಟಿ, ಬುಟ್ಟಿಗೊಂದು ಚೀಟಿ. ಮೇಲಿನ ಪದರದ ಬುಟ್ಟಿ ನನ್ನ ಪಕ್ಕದಲ್ಲೇ ಕೂತು ಬೋಕಿ ತೊಳೆಯುತ್ತಿದ್ದ ರತ್ನಳದು, ಕೆಳಗಿನದು ನನ್ನದು.

ರತ್ನಳ ಕೈತುಂಬ ಹಸಿರು ಬಳೆ. ನನ್ನ ಕೈ ಬರಿದು. ಅವಳಿಗೆ ದಿನವೂ ಮಣಿಯೋ ದೀಪದ ತುಂಡೋ ಸಿಗುತ್ತಿತ್ತು. ಅಗೆತ ನಡೆಸುತ್ತಿದ್ದ ಆಫೀಸರು ಅವಳನ್ನು ಹೆಸರು ಹಿಡಿದು ಕರೆಯುವರು. ನನಗೆ ಸಿಕ್ಕಿದ್ದು ಮಸಿ ಹಿಡಿದ ಮಡಕೆಯ ತಳ. ಒಳಗೆ ಕೋಲಾಡಿಸಿ ಸವೆದ ಗೆರೆಗಳು. ಮುದ್ದೆಗೆ ಹಿಟ್ಟು ತೊಳಸಿದ ಮಡಕೆ ಎಂದು ನೋಡಿದೊಡನೆ ತಿಳಿಯಿತು. ಆಫೀಸರಿಗೆ ಹೇಳಲು ನಾಚಿಕೆ.

ಒಂದು ಮಧ್ಯಾಹ್ನ ರತ್ನ ನೀರಿಗೆ ಹೋಗಿದ್ದಾಗ ಅವಳ ಬುಟ್ಟಿಯಲ್ಲಿ ನೀಲಿ ಗಾಜಿನ ಬಳೆಚೂರು ಕಂಡಿತು. ಅವಳಿನ್ನೂ ನೋಡಿರಲಿಲ್ಲ. ಇದೂ ಅವಳಿಗೇ ಏಕೆ ಎಂದು ಹೊಟ್ಟೆ ಉರಿಯಿತು. ತೆಗೆದು ನನ್ನ ಬುಟ್ಟಿಗೆ ಹಾಕಿಕೊಂಡೆ.

ಸಂಜೆ ಬುಟ್ಟಿ ನೋಡಲು ಬಂದ ಆಫೀಸರು ಆ ಚೂರನ್ನು ಎತ್ತಿ ಕನ್ನಡಕ ಸರಿಮಾಡಿಕೊಂಡರು. "ಇಷ್ಟು ಕೆಳಗೆ ಗಾಜಿನ ಬಳೆ! ಈ ಊರಿನ ಕಥೆಯೇ ಬದಲಾಗುತ್ತಲ್ಲಮ್ಮ. ನಿಮ್ಮ ಹೆಸರೇನು?"

ರತ್ನ ಚಪ್ಪಾಳೆ ತಟ್ಟಿದಳು. "ಮೂಗಿ ಹಂಗೆ ಕೂತ್ಕೊಂಡು ನಿಧೀನೇ ಹೊಡೆದ್ಬಿಟ್ಯಲ್ಲ ಮಾರಾಯ್ತಿ!"

ಅವಳ ಖುಷಿ ನಿಜವಾದದ್ದು. ಅದನ್ನೇ ನನಗೆ ತಾಳಲಾಗಲಿಲ್ಲ. ಆಫೀಸರು ಬರೆದುಕೊಳ್ಳಲು ಪುಸ್ತಕ ತೆರೆದರು. ಸುಮ್ಮನಿದ್ದರೆ ಸುಳ್ಳು ಅಚ್ಚಾಗುತ್ತದೆ, ಹೇಳಿದರೆ ಕೆಲಸ ಹೋಗುತ್ತದೆ.

"ಸ್ವಾಮಿ, ಅದು ಅವಳ ಬುಟ್ಟೀದು. ನಾನೇ ಎತ್ತಿ ಹಾಕ್ಕೊಂಡೆ."

ಅವರು ಬೈಯಲಿಲ್ಲ. "ಇನ್ನೇನೇನು ಆಚೀಚೆ ಆಗಿದೆಯೋ ನಾನು ಹೇಗೆ ನಂಬಲಮ್ಮ?" ಎಂದು ಎರಡೂ ಬುಟ್ಟಿಯ ಚೀಟಿ ಕಿತ್ತು, 'ನೆಲೆ ಗೊತ್ತಿಲ್ಲದ್ದು' ಎಂದು ಬರೆದಿದ್ದ ಪೆಟ್ಟಿಗೆಗೆ ಎಲ್ಲವನ್ನೂ ಸುರಿಸಿದರು. ನನ್ನ ಹಿಟ್ಟಿನ ಮಡಕೆಯೂ ಅದರಲ್ಲೇ ಹೋಯಿತು.

"ಬಳೆ ಬೇಕಿದ್ರೆ ನನ್ನೇ ಕೇಳ್ಬಾರ್ದಿತ್ತಾ ಅಕ್ಕ?" ಎಂದಳು ರತ್ನ. ಆಮೇಲೆ ನನ್ನ ಬರಿಗೈ ನೋಡಿ ತನ್ನ ಬಳೆಗಳ ಮೇಲೆ ಸೆರಗು ಎಳೆದುಕೊಂಡಳು.

ಕೆಲಸ ಉಳಿಯಿತು. ಎಲ್ಲಿತ್ತು ಎಂಬುದು ಕಳೆದುಹೋದರೆ ಯಾವ ವಸ್ತುವೂ ಮಾತಾಡುವುದಿಲ್ಲ ಎಂದು ಆ ಕೆಲಸ ಕಲಿಸಿತು. ನೂರಾರು ವರ್ಷದ ಹಿಂದೆ ನನ್ನಂತೆಯೇ ಒಲೆಯ ಮುಂದೆ ಕೂತು ಹಿಟ್ಟು ತೊಳಸಿದ ಒಬ್ಬಳನ್ನು ಅಲ್ಲಿ ಗುರುತಿಸಿದವಳು ನಾನೊಬ್ಬಳೇ. ರತ್ನಳ ಬಳೆಗೆ ಕಣ್ಣು ಹಾಕಿ ಆ ಒಲೆಯ ಮುಂದಿನವಳನ್ನು ಕಳೆದೆ.