ಹತ್ತು ನಿಮಿಷ ಮುಂದಿರೋ ವಾಚು

ಪೀಣ್ಯದ ಫ್ಯಾಕ್ಟರಿಯಲ್ಲಿ ತಯಾರಾದ ಮಾಲಿನ ಅಳತೆ ನೋಡೋದು ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಮಾಲು ವಾಪಸ್. ಅಂಥ ನಾನು ಕಟ್ಟೋ ವಾಚು ಮಾತ್ರ ಹತ್ತು ನಿಮಿಷ ಮುಂದೆ. ಹತ್ತನೇ ಕ್ಲಾಸು ಪಾಸಾದಾಗ ಕೊಡಿಸಿದ ಅಪ್ಪ, "ನೀನು ಸೋಮಾರಿ" ಅಂತ ತಾವೇ ಮುಂದಿಟ್ಟು ನನ್ನ ಕೈಗೆ ಕಟ್ಟಿದ್ದರು.

ಹೋದ ತಿಂಗಳು ಅದು ನಿಂತೇಹೋಯ್ತು. ಕೀ ಕೊಡೋ ವಾಚು ಅಂದ್ರೆ ಅಂಗಡಿಯವರು ಮುಟ್ಟೋದೇ ಇಲ್ಲ. ಯಾರೋ ಜಾಲಹಳ್ಳಿಯ ವಿಮಲಮ್ಮನ ಮನೆ ತೋರಿಸಿದರು. ವಾಚ್ ಫ್ಯಾಕ್ಟರಿಯಲ್ಲಿ ದುಡಿದು ರಿಟೈರಾದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದೇ ಗಂಟೆಯಲ್ಲಿ ಬಿಚ್ಚಿ, ತೊಳೆದು, ಜೋಡಿಸಿದರು. ಟಿಕ್ ಟಿಕ್ ಕೇಳಿ ನನ್ನ ಕಣ್ಣು ತುಂಬಿಬಂತು.

"ಮೇಡಂ, ಹತ್ತು ನಿಮಿಷ ಮುಂದಿಡಿ," ಅಂದೆ.

ಅವರು ಮುಖ ಗಂಟಿಕ್ಕಿದರು. "ತಪ್ಪು ಟೈಮಿನ ವಾಚು ನನ್ನ ಕೈಯಿಂದ ಒಂದೂ ಆಚೆ ಹೋಗಿಲ್ಲ ಕಣಪ್ಪ."

"ನಮ್ಮಪ್ಪ ಇಟ್ಟಿದ್ದು ಮೇಡಂ."

"ಯಾರಿಟ್ಟರೂ ತಪ್ಪು ತಪ್ಪೇ."

ಈ ಮಾತು ದಿನಾ ನಾನೇ ಬೇರೆಯವರಿಗೆ ಹೇಳೋದು. ಟೈಮೆಷ್ಟಾಯ್ತು ಅಂತ ಗೋಡೆ ನೋಡಿದೆ. ಅಲ್ಲಿನ ಗಡಿಯಾರದಲ್ಲಿ ಎರಡು ಗಂಟೆ. ನನ್ನ ಶಿಫ್ಟು ಎರಡಕ್ಕೇ! ಚಪ್ಪಲಿ ಕಡೆ ಓಡಿದೆ.

"ಕೂತ್ಕೊಳ್ಳಪ್ಪ, ಅದು ಅರ್ಧ ಗಂಟೆ ಮುಂದಿದೆ," ಅಂದರು. "ನಮ್ಮ ಯಜಮಾನ್ರಿಗೆ ಫ್ಯಾಕ್ಟರಿ ಬಸ್ ತಪ್ಪಬಾರದು ಅಂತ ಇಟ್ಟಿದ್ದೆ. ಅವರು ತೀರಿಕೊಂಡು ಆರು ವರ್ಷ ಆಯ್ತು."

ನಾನು ವಾಪಸ್ ಬಂದು ಕೂತೆ. ಆಮೇಲೆ ಅವರೇ ನನ್ನ ವಾಚು ತೆಗೆದುಕೊಂಡು, ಹತ್ತು ನಿಮಿಷ ಮುಂದಿಟ್ಟು, "ಯಾರಿಗೂ ಹೇಳ್ಬೇಡ," ಅಂದರು.

ವಾಚು ಹೇಗೂ ಮುಂದಿದೆಯಲ್ಲ ಅಂತ ಅವರು ಕೊಟ್ಟ ಕಾಫಿ ನಿಧಾನವಾಗಿ ಕುಡಿದು ಹೊರಟೆ. ಶಿಫ್ಟಿಗೆ ಲೇಟಾಯ್ತು. ಸೋಮಾರಿ ಅಂತ ಅಪ್ಪ ಸುಮ್ಮನೆ ಅಂದಿರಲಿಲ್ಲ.