ಜವರಣ್ಣ ಒರೆಸಿದ ಮೊಟ್ಟೆಗಳು

ಬೆಳಿಗ್ಗೆ ಲ್ಯಾಬಿಗೆ ಬಂದ ಕೂಡಲೇ ಜವರಣ್ಣ ಇನ್‌ಕ್ಯುಬೇಟರಿನಿಂದ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ, ಅದನ್ನು ರೆಪ್ಪೆಗೆ ಒತ್ತಿಕೊಳ್ಳುತ್ತಿದ್ದರು. ಒಳಗೆ ಥರ್ಮಾಮೀಟರ್ ಇತ್ತು. ಅದರ ಕಡೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, "ಕಾವು ಒಂಚೂರು ಜಾಸ್ತಿ ಆಗೈತೆ ಕಣವ್ವ, ಇಳ್ಸು" ಎನ್ನುತ್ತಿದ್ದರು. ನಾನು ಹೋಗಿ ನೋಡಿದರೆ ಅರ್ಧ ಡಿಗ್ರಿ ಹೆಚ್ಚೇ ಇರುತ್ತಿತ್ತು. "ನಮ್ಮವ್ವ ಕೋಳೀನ ಕಾವಿಗೆ ಕೂರ್ಸುವಾಗ ಇಂಗೇ ನೋಡ್ತಿದ್ಲು. ಆ ಗಾಜಿನ ಕಡ್ಡಿ ಕೆಟ್ಟೋಗ್ಬೋದು, ರೆಪ್ಪೆ ಕೆಡಾಕಿಲ್ಲ" ಎಂದು ನಗುತ್ತಿದ್ದರು.

ನಾನು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವಳು. ಎಂ.ಎಸ್ಸಿ. ಮುಗಿಸಿ ಹಾಸನದಲ್ಲಿ ಒಂದು ವಿಶ್ವವಿದ್ಯಾಲಯದ ಲ್ಯಾಬಿಗೆ ಟ್ರೈನಿಯಾಗಿ ಸೇರಿದೆ. ಅದರ ಹೆಸರು ಬೇಡ. ಒಂದು ಜೀವಕೋಶದಿಂದ ಒಂದು ಜೀವ ಹೇಗೆ ರೂಪ ತಳೆಯುತ್ತದೆ ಎಂದು ನೋಡುವ ಲ್ಯಾಬು ಅದು. ಆಲೂಗಡ್ಡೆ ಹೊಲಕ್ಕೆ ಹೊಡೆಯುವ ಔಷಧ ಮೊಟ್ಟೆಯೊಳಗಿನ ಭ್ರೂಣಕ್ಕೆ ಏನು ಮಾಡುತ್ತದೆ ಎಂಬುದು ನಮ್ಮ ಕೆಲಸ. ಅರ್ಧ ಮೊಟ್ಟೆಗಳಿಗೆ ಸಣ್ಣ ತೂತು ಮಾಡಿ ಔಷಧ ಹಾಕಬೇಕು, ಉಳಿದರ್ಧಕ್ಕೆ ಬರೀ ಉಪ್ಪುನೀರು. ತೂತಿಗೆ ಮೇಣ ಮೆತ್ತಿದ ಮೇಲೆ ಎಲ್ಲವೂ ಒಂದೇ ಥರ ಕಾಣುತ್ತವೆ. ಯಾವುದು ಯಾವುದೆಂದು ಹೇಳುವುದು ಚಿಪ್ಪಿನ ಮೇಲೆ ಬರೆದ ನಂಬರ್ ಮಾತ್ರ.

ಜವರಣ್ಣ ಅಲ್ಲಿನ ಅಟೆಂಡರ್, ದಾಖಲೆಯಲ್ಲಿ ಜವರಪ್ಪ. ಹದಿನೆಂಟು ವರ್ಷದಿಂದ ಗುತ್ತಿಗೆ ಮೇಲಿದ್ದರು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಆ ವರ್ಷ ಖಾಯಂ ಮಾಡುವವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. "ನಿವೃತ್ತಿಗೆ ನಾಕು ವರ್ಸ ಉಳ್ಕೊಂಡೈತೆ. ನಾಕೇ ವರ್ಸ ಆಗ್ಲಿ, ನಾನೂ ಇಲ್ಲಿಯೋನು ಅಂತ ಒಂದು ಕಾಗ್ದ ಬೇಕು ಕಣವ್ವ" ಎಂದು ಟೀ ಕುಡಿಯುವಾಗೆಲ್ಲ ಹೇಳುತ್ತಿದ್ದರು.

ಮರಿಯಾಗುವ ಮೊಟ್ಟೆಗಳನ್ನು ಚನ್ನರಾಯಪಟ್ಟಣದ ಕಡೆಯ ಒಂದು ಫಾರಮ್ಮಿನಿಂದ ತರುವವರೂ ಅವರೇ. ಟ್ರೇಗಳನ್ನು ಬಸ್ಸಿನಲ್ಲಿ ಕೆಳಗಿಡುತ್ತಿರಲಿಲ್ಲ, ಹಳ್ಳಕ್ಕೆ ಬಿದ್ದು ಕುಲುಕಿದರೆ ಒಳಗಿನ ಜೀವ ಹೋಗುತ್ತದೆಂದು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಕೂತಿರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಟ್ರೇಗಳನ್ನು ಮೇಲಿನ ಕ್ಯಾರಿಯರಿನಲ್ಲಿ ಇಡಿ ಎಂದು ಕಂಡಕ್ಟರ್ ಗದರಿದ. ಜವರಣ್ಣ ಶಾಂತವಾಗಿ, "ಇವು ಇನ್ನೂ ಉಟ್ಟಿಲ್ಲ ಕಣಪ್ಪ. ನೀನು ಒಟ್ಟೇಲಿದ್ದಾಗ ನಿಮ್ಮವ್ವ ನಿನ್ನ ಮ್ಯಾಲಿಟ್ಟಿದ್ಲಾ?" ಎಂದರು. ಬಸ್ಸೆಲ್ಲ ನಕ್ಕಿತು. ಕಂಡಕ್ಟರನೂ ನಕ್ಕ.

ಮೂರನೇ ದಿನದ ಮೊಟ್ಟೆಗೆ ಕಿಟಕಿ ಕೊರೆಯುವುದನ್ನು ನನಗೆ ಕಲಿಸಿದವರು ಅವರು. ಚಿಪ್ಪಿನ ಚೂರು ಎತ್ತಿದಾಗ ಹಳದಿಯ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆಯೊಂದು ಬಡಿದುಕೊಳ್ಳುತ್ತಿತ್ತು. "ಅದೇ ಎದೆ ಕಣವ್ವ. ಕಣ್ಣು ಬಾಯಿ ಮೂಡೋಕೆ ಮುಂಚೇನೇ ಅದು ಕೆಲ್ಸ ಸುರು ಮಾಡ್ಕತದೆ" ಎಂದರು. ಆ ದಿನವೇ ಅವರ ಒಂದು ಕಟ್ಟಳೆಯನ್ನೂ ಹೇಳಿದರು. "ನಂಬರ್ ಪೆನ್ಸಿಲ್ಲಲ್ಲೇ ಬರೀಬೇಕು, ಪೆನ್ನು ಮುಟ್ಬ್ಯಾಡ. ಕಿಟಕಿ ಕೊರೆಯೋಕ್ ಮುಂಚೆ ನಾನು ಸ್ಪಿರಿಟ್ ಆಕಿ ಒರೆಸ್ತೀನಿ. ಪೆನ್ಸಿಲ್ ಅದಕ್ಕೆ ಜಗ್ಗಾಕಿಲ್ಲ."

ಆರು ತಿಂಗಳು ಪೆನ್ಸಿಲ್ಲಿನಲ್ಲೇ ಬರೆದೆ. ಆಮೇಲೆ ಒಂದು ದಿನ ಕಂದು ಚಿಪ್ಪಿನ ಮೇಲೆ ಪೆನ್ಸಿಲ್ ಸರಿಯಾಗಿ ಕಾಣುತ್ತಿಲ್ಲವೆಂದು ನೀಲಿ ಮಾರ್ಕರ್ ಪೆನ್ನು ತೆಗೆದುಕೊಂಡೆ. ದಪ್ಪಗೆ, ಅಂದವಾಗಿ ಕಂಡಿತು. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದು ಏನಿದೆ ಅನ್ನಿಸಿತ್ತು.

ಮೂರು ದಿನದ ನಂತರ ನಾನು ಬರುವಷ್ಟರಲ್ಲಿ ಜವರಣ್ಣ ನಲವತ್ತು ಮೊಟ್ಟೆಯನ್ನೂ ಒರೆಸಿ, ಎಂದಿನಂತೆ ಒಂದೇ ತಟ್ಟೆಯಲ್ಲಿ ಜೋಡಿಸಿದ್ದರು. ಒಂದರ ಮೇಲೂ ನಂಬರಿಲ್ಲ. ಕಸದ ಬುಟ್ಟಿಯಲ್ಲಿ ನೀಲಿ ಹತ್ತಿ. ನನ್ನ ಕೈ ತಾನಾಗಿಯೇ ಹೋಗಿ ಆ ಹತ್ತಿಯನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡಿತು. ಅಷ್ಟರಲ್ಲಿ ಲ್ಯಾಬು ನಡೆಸುವ ಪ್ರೊಫೆಸರ್ ಮೇಡಂ ಬಂದರು.

"ನಂಬರ್ ಯಾವುದರಲ್ಲಿ ಬರೆದಿದ್ದೆ?" ಎಂದು ನನ್ನನ್ನು ಕೇಳಿದರು.

"ಪೆನ್ಸಿಲ್ಲಲ್ಲೇ ಮೇಡಂ" ಎಂದೆ.

ಮೇಡಂ ಜವರಣ್ಣನ ಕಡೆ ತಿರುಗಿದರು. "ಪೆನ್ಸಿಲ್ ಅಳಿಸಿಹೋಗಬೇಕಾದರೆ ಎಷ್ಟು ಉಜ್ಜಿರಬೇಕು ಜವರಪ್ಪ? ಅಳಿಸ್ತಿರೋದು ಕಣ್ಣಿಗೆ ಕಾಣಲಿಲ್ವಾ?" ಜವರಣ್ಣ ತಮ್ಮ ಕೈಗಳನ್ನೇ ತಡವಿಕೊಂಡರು. ಮೇಡಂಗೆ ಏನೋ ಹೊಳೆಯಿತು. "ಥರ್ಮಾಮೀಟರ್ ಎಷ್ಟು ತೋರಿಸ್ತಿದೆ, ಓದಿ" ಎಂದರು. ಜವರಣ್ಣ ಇನ್‌ಕ್ಯುಬೇಟರಿನ ಬಾಗಿಲು ತೆರೆದು, ಒಳಗಿದ್ದ ಬೇರೆ ಮೊಟ್ಟೆಯೊಂದನ್ನು ತೆಗೆದು ರೆಪ್ಪೆಗೆ ಒತ್ತಿಕೊಂಡರು. ಮೇಡಂ ಆ ವಾರವೇ ಅವರನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು.

ಕಣ್ಣಿನ ನರ ಒಣಗುತ್ತಿತ್ತು, ಔಷಧಿಯಿಂದಾಗಲಿ ಆಪರೇಷನ್ನಿನಿಂದಾಗಲಿ ವಾಪಸ್ ಬರುವ ದೃಷ್ಟಿಯಲ್ಲ ಎಂದು ಪರೀಕ್ಷೆ ಮಾಡಿದ ಡಾಕ್ಟರು ಬರೆದುಕೊಟ್ಟರು. ಎರಡು ವರ್ಷದಿಂದ ಅವರು ಅದನ್ನು ಮುಚ್ಚಿಟ್ಟುಕೊಂಡು ರೆಪ್ಪೆ, ಬೆರಳು, ಅಭ್ಯಾಸದ ಮೇಲೆ ಕೆಲಸ ತೂಗಿಸಿದ್ದರು. ಒಂದು ತಪ್ಪೂ ಆಗಿರಲಿಲ್ಲ. ಪಟ್ಟಿಯಿಂದ ಹೆಸರು ಹೋಯಿತು, ತಿಂಗಳು ಮುಗಿಯುವುದರೊಳಗೆ ಅವರೂ ಹೋದರು. ಹೋಗುವ ದಿನ ನನ್ನ ತಲೆ ಮೇಲೆ ಕೈಯಿಟ್ಟು, "ಚೆಂದಾಗಿ ಕಲಿ ಮಗಾ" ಎಂದರು. ನಾನು ಅತ್ತೆ. ಅವರು ಹೋಗುವ ಸಂಕಟಕ್ಕೆ ಅತ್ತೆನೆಂದು ಎಲ್ಲರೂ ತಿಳಿದರು. ಅದು ಹೆದರಿಕೆಯ ಅಳು, ಇವರು ಹೋದರೆ ವಿಷಯ ಮುಗಿಯಿತು ಎಂಬ ನೀಚ ಸಮಾಧಾನವೂ ಅದರಲ್ಲಿತ್ತು.

ವರ್ಷ ಕಳೆದ ಮೇಲೆ ತಡೆಯಲಾರದೆ ಹೊಳೆನರಸೀಪುರಕ್ಕೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ದನಿ ಕೇಳಿ ಗುರುತು ಹಿಡಿದು, ಹೆಂಡತಿಗೆ ಕಾಫಿ ಮಾಡಲು ಹೇಳಿ, ಆಕೆ ಒಳಗೆ ಹೋದ ಮೇಲೆ ದನಿ ತಗ್ಗಿಸಿದರು.

"ಒಂದು ಕೇಳ್ತೀನಿ, ನಿಜ ಏಳು ಕಣವ್ವ. ಪೆನ್ಸಿಲ್ ಅಳಿಸೋಗೋ ಅಂಗೆ ಉಜ್ಜುಬುಟ್ನಾ ನಾನು? ಕಣ್ಣು ಓಗಿದ್ದು ಗೊತ್ತಿತ್ತು. ಕೈಯೂ ಓಯ್ತಲ್ಲಾ ಅಂತ ಯೋಚ್ನೆ. ಈಗ ಒಂದು ಲೋಟ ಇಡ್ಕೊಳ್ಳೋಕೂ ಭಯ ಆಯ್ತದೆ."

ಒಂದು ವರ್ಷ ಅವರು ನನ್ನನ್ನು ಅನುಮಾನಿಸಿರಲಿಲ್ಲ, ತಮ್ಮ ಕೈಯನ್ನೇ ಅನುಮಾನಿಸಿಕೊಂಡು ಕೂತಿದ್ದರು. ನಾನು ಎಲ್ಲ ಹೇಳಿದೆ. ಮಾರ್ಕರ್, ಹತ್ತಿ, ಜೇಬು, ಸುಳ್ಳು.

ಬಯ್ಯುತ್ತಾರೆಂದು ಕಾದೆ. ಅವರು ಎರಡೂ ಕೈ ಮುಂದೆ ಚಾಚಿ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿದರು. "ಅಂಗಾರೆ ನನ್ ಕೈ ಸರಿಯಾಗೇ ಇತ್ತು" ಎಂದರು. ಆಮೇಲೆ, "ಮೇಡಮ್ನೋರ್ಗೆ ಏಳ್ಬುಡವ್ವ. ಕೆಲ್ಸ ಬ್ಯಾಡ ನಂಗೆ. ಜವರಪ್ಪನ ಕೈ ಸರಿಗಿತ್ತು ಅಂತ ಒಂದು ಮಾತು ಏಳು, ಸಾಕು."

ನಾನು ತಲೆಯಾಡಿಸಿದೆ. ಅವರಿಗೆ ಅದು ಕಾಣುವಂತಿರಲಿಲ್ಲ.

ಮೇಡಂ ರೂಮಿನ ಬಾಗಿಲವರೆಗೆ ಎಷ್ಟೋ ಸಲ ಹೋಗಿ ವಾಪಸ್ ಬಂದೆ. ಈ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಜವರಣ್ಣ ತೀರಿಕೊಂಡರೆಂದು ಅವರ ಹೆಂಡತಿ ಫೋನ್ ಮಾಡಿದರು. "ಆ ಉಡುಗಿ ಮೇಡಮ್ನೋರ್ಗೆ ಏಳಿದ್ಲೇನೋ ಅಂತ ಕೇಳ್ತಾನೇ ಇದ್ರು" ಎಂದರು. ಅವತ್ತೂ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ಬಾಯಲ್ಲಿ ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ಈ ಹಾಳೆಯನ್ನು ನಾಳೆ ಬೆಳಿಗ್ಗೆ ಮೇಡಂ ಮೇಜಿನ ಮೇಲಿಡುತ್ತೇನೆ. ಪೆನ್ನು ನನ್ನದು ಮೇಡಂ. ಜವರಣ್ಣನ ಕೈ ಸರಿಯಾಗಿತ್ತು.